ಕಡಲ ಗಾಳಿಗೆ ಅಂಜದ ಡೈಸಿ ಪೊದೆ
ಡೈಸಿ ಪೊದೆಗಳು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಗಳ ನಿತ್ಯಹಸಿರು ಗಿಡಗಳು. ಒಲಿಯೇರಿಯ ಎಂಬ ಕುಲಕ್ಕೆ ಸೇರಿದುವು. ಇವುಗಳಲ್ಲಿ ನಾವು ಒಂದು ಹೂವೆಂದು ಭಾವಿಸುವುದು, ಸೂರ್ಯಕಾಂತಿಯಲ್ಲಿರುವಂತೆ, ಅನೇಕ ಕಿರುಹೂಗಳ ಕೂಟ. ಆದರೆ ತೋಟಗಾರನು ಮೊದಲು ನೋಡಬೇಕಾದುದು ಎಲೆಯನ್ನು.

ಅನೇಕ ಜಾತಿಗಳಲ್ಲಿ ಎಲೆಯನ್ನು ಮಗುಚಿದರೆ ಕಂಬಳಿಯಂತೆ ದಟ್ಟವಾದ ರೋಮಗಳು ಕಾಣುವುವು. ಪತ್ರರಂಧ್ರಗಳು ಇವುಗಳ ಮರೆಯಲ್ಲಿರುವುದರಿಂದ, ಬೀಸುವ ಗಾಳಿಯು ಅಲ್ಲಿಯ ತೇವವನ್ನು ಸುಲಭವಾಗಿ ಒಯ್ಯಲಾರದು. ಚಾಥಮ್ ದ್ವೀಪಗಳ ‘ಅಕೆಅಕೆ’ ಎಂಬ ಜಾತಿಯನ್ನು ಉಪ್ಪುಗಾಳಿಗೆ ತಡೆಯಾಗಿ ಕಡಲತೀರದ ತೋಟಗಳ ಬೇಲಿಯಲ್ಲಿ ಬೆಳೆಸುವುದುಂಟು.

ಗಾಳಿಗೆ ಅಂಜದ ಈ ಗಿಡ ಬುಡದಲ್ಲಿ ನಿಂತ ನೀರಿಗೆ ಸೋಲುತ್ತದೆ. ಒಳ್ಳೆಯ ಬಿಸಿಲು, ನೀರು ಬಸಿಯುವ ನೆಲ ಇವೆರಡೂ ಅಗತ್ಯ. ನೆಟ್ಟ ಮೊದಲ ವರ್ಷ ಮಾತ್ರ ತಪ್ಪದೆ ನೀರೆರೆಯಬೇಕು. ಹೂ ಬಾಡಿದೊಡನೆ ಗೊಂಚಲುಗಳನ್ನು ಸವರಿದರೆ ಪೊದೆ ಒತ್ತಾಗುವುದು.

ಹೊಸ ಗಿಡಕ್ಕಾಗಿ ಬೇಸಿಗೆಯಲ್ಲಿ (ಅಲ್ಲಿಯ ಬೇಸಿಗೆ ಡಿಸೆಂಬರಿನಲ್ಲಿ ಮೊದಲಾಗುವುದನ್ನು ಮರೆಯಬಾರದು) ಅರೆಬಲಿತ ರೆಂಬೆಯನ್ನು ಸುಮಾರು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ಊರುತ್ತಾರೆ. ಬೇರಿಲ್ಲದ ರೆಂಬೆಗೆ ನೀರಿನ ವೆಚ್ಚವುಂಟು, ವರಮಾನ ಸಾಲದು. ಆದುದರಿಂದ ಕೆಳಗಿನ ಎಲೆಗಳನ್ನು ಕಿತ್ತು, ಬೇರು ಬಿಡುವವರೆಗೆ ಅದನ್ನು ನೆರಳಿನಲ್ಲಿಡಬೇಕು.