ಕ್ಯಾಮೆರಾ ಊರಲ್ಲೇ ತಗೋಬೇಕಾ, ಕ್ರೂಸ್‌ಗೆ ಹೋದಾಗಲಾ?

ಮೊದಲೇ ಹೇಳಿಬಿಡ್ತೀನಿ, ಈ ಲೇಖನ ಹುಟ್ಟಿದ್ದು ನಾನು ಕೊಟ್ಟ ಒಂದು ತಪ್ಪು ಸಲಹೆಯಿಂದ.

2024ರ ಡಿಸೆಂಬರ್‌ನಲ್ಲಿ ತಿಪಟೂರಿನ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ, ಅಜ್ಜಿ ಮೂರು ಜನ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್ ಹತ್ತಿದ್ರು. ಸಿಂಗಾಪುರ, ಪೆನಾಂಗ್, ಫುಕೆಟ್, ವಾಪಸ್ ಸಿಂಗಾಪುರ. ಚಿಕ್ಕಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಜೀವಮಾನದಲ್ಲಿ ಒಂದು ಒಳ್ಳೆ ಕ್ಯಾಮೆರಾ ಇಟ್ಕೋಬೇಕು ಅನ್ನೋದು ಅವರ ಬಹಳ ದಿನದ ಆಸೆ. ಹೊರಡೋಕೆ ಒಂದು ತಿಂಗಳ ಮುಂಚೆ ಫೋನ್ ಮಾಡಿ, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ಲೆಕ್ಕ ಹಾಕಿ ಹೇಳು, ಇಲ್ಲೇ ತಗೊಳ್ಳೋದಾ, ಅಲ್ಲಿ ಹೋಗಿ ತಗೊಳ್ಳೋದಾ" ಅಂದ್ರು. ನಾನಾಗ ಫಸ್ಟ್ ಸೆಮ್. ಎಕ್ಸೆಲ್ ಓಪನ್ ಮಾಡಿ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟೆ: ಅಲ್ಲೇ ತಗೊಳ್ಳಿ, 14,400 ರೂಪಾಯಿ ಉಳಿಯುತ್ತೆ.

ನನ್ನ ಲೆಕ್ಕ ಹೀಗಿತ್ತು. ಅವರು ಇಷ್ಟಪಟ್ಟ ಮಿರರ್‌ಲೆಸ್ ಕ್ಯಾಮೆರಾಗೆ, ಕಿಟ್ ಲೆನ್ಸ್ ಸೇರಿ, ಟ್ಯಾಕ್ಸ್ ಬಿಟ್ಟು 80,000 ರೂಪಾಯಿ ಅಂತ ರೌಂಡ್ ಫಿಗರ್ ಇಟ್ಕೊಳ್ಳಿ. ಇಲ್ಲಿ ಕ್ಯಾಮೆರಾ ಮೇಲೆ ಜಿಎಸ್‌ಟಿ 18%, ಅಂದ್ರೆ 94,400. ಸಿಂಗಾಪುರದಲ್ಲಿ ಜಿಎಸ್‌ಟಿ 9% (2024ರ ಜನವರಿಯಿಂದ, ಅದಕ್ಕೂ ಮುಂಚೆ 8% ಇತ್ತು). ಪ್ರವಾಸಿಗಳಿಗೆ ಅದೂ ವಾಪಸ್ ಸಿಗುತ್ತೆ. ಹಾಗಾಗಿ ಅಲ್ಲಿ ಬರೀ 80,000. ಕಳೆದರೆ 14,400 ಲಾಭ. ಇನ್ನು ಕಸ್ಟಮ್ಸ್? ಒಬ್ಬರಿಗೆ 50,000ವರೆಗೆ ಫ್ರೀ ಅಂತ ಓದಿದ್ದೆ. ಮೂರು ಜನ ಇದ್ದಾರೆ, ಒಂದೂವರೆ ಲಕ್ಷ ಆಯ್ತಲ್ಲ, ಇನ್ನೇನು ಚಿಂತೆ?

ಈ ಪ್ಯಾರಾದಲ್ಲಿ ಮೂರು ತಪ್ಪಿದೆ. ಮುಂದೆ ಓದೋಕೆ ಮುಂಚೆ ಹುಡುಕಿ ನೋಡಿ.

ಮೊದಲನೇ ತಪ್ಪು ರೀಫಂಡ್‌ದು. ಸಿಂಗಾಪುರದ ಟೂರಿಸ್ಟ್ ರೀಫಂಡ್ ಸ್ಕೀಮ್ ಇರೋದು ನಿಜ, 100 ಸಿಂಗಾಪುರ ಡಾಲರ್ ದಾಟಿದ ಖರೀದಿಗೆ ಸಿಗುತ್ತೆ. ಆದ್ರೆ ಅಂಗಡಿಯಲ್ಲಿ ಬಿಲ್ ಮಾಡಿಸುವಾಗಲೇ ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಜೆರಾಕ್ಸ್ ನಡೆಯಲ್ಲ, ಮೊಬೈಲಲ್ಲಿರೋ ಫೋಟೋನೂ ನಡೆಯಲ್ಲ. ನಮ್ಮ ಚಿಕ್ಕಪ್ಪ ಮೂರು ಪಾಸ್‌ಪೋರ್ಟನ್ನೂ ಜೋಪಾನವಾಗಿ ಹೋಟೆಲ್ ಲಾಕರಲ್ಲಿ ಇಟ್ಟು ಅಂಗಡಿಗೆ ಹೋಗಿದ್ರು. ಮಾರನೇ ಬೆಳಿಗ್ಗೆ ಹಡಗು ಹತ್ತಬೇಕು, ಹೋಟೆಲಿಗೆ ಹೋಗಿ ಬರೋಷ್ಟರಲ್ಲಿ ಅಂಗಡಿ ಮುಚ್ಚುತ್ತೆ. "ಹೋಗ್ಲಿ ಬಿಡು" ಅಂತ ಟ್ಯಾಕ್ಸ್ ಸೇರಿಸಿ ಕೊಟ್ಟು ಬಂದ್ರು. ಇಲ್ಲಿ ಕ್ರೂಸ್‌ನವರಿಗೆ ಇನ್ನೊಂದು ಸೂಕ್ಷ್ಮ ಇದೆ. ಈ ರೀಫಂಡ್ ಕ್ರೂಸ್ ಟರ್ಮಿನಲ್‌ನಲ್ಲೂ ಸಿಗುತ್ತೆ, ಆದ್ರೆ ಹೊರಟ ಜಾಗಕ್ಕೇ ವಾಪಸ್ ಬರೋ ರೌಂಡ್ ಟ್ರಿಪ್ ಹಡಗಿಗೆ ಸಿಗಲ್ಲ. ನಮ್ಮೋರು ಹೋಗೋ ಕ್ರೂಸ್‌ಗಳು ಬಹುತೇಕ ಅಂಥವೇ. ಹಾಗಾಗಿ ಕೊನೆಗೆ ಚಾಂಗಿ ಏರ್‌ಪೋರ್ಟಲ್ಲಿ ವಿಮಾನ ಹತ್ತೋ ದಿನವೇ ಕ್ಲೇಮ್ ಮಾಡಬೇಕು, ಅದೂ ಬ್ಯಾಗ್ ಚೆಕ್-ಇನ್ ಮಾಡೋಕೆ ಮುಂಚೆ, ಯಾಕಂದ್ರೆ ವಸ್ತು ತೋರಿಸಿ ಅಂತ ಕೇಳಬಹುದು. ಏಜೆನ್ಸಿಯವರು ಫೀ ಹಿಡಿದುಕೊಂಡು ಉಳಿದದ್ದು ಕೊಡ್ತಾರೆ, ಪೂರ್ತಿ 9% ಕೈಗೆ ಬರಲ್ಲ.

ಎರಡನೇ ತಪ್ಪು ಕಾರ್ಡ್. ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ವಿದೇಶದಲ್ಲಿ ಉಜ್ಜಿದ್ರೆ 3.5% ಮಾರ್ಕಪ್ ಹಾಕ್ತಾವೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಒಟ್ಟು 4.13%. ನನ್ನ ಶೀಟಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಮೂರನೇದು ದೊಡ್ಡದು. 2016ರ ಬ್ಯಾಗೇಜ್ ನಿಯಮದ ಪ್ರಕಾರ (ಅವರು ಹೋದಾಗ ಚಾಲ್ತಿಯಲ್ಲಿದ್ದದ್ದು ಅದು) ಒಬ್ಬ ಪ್ರಯಾಣಿಕರ 50,000 ರೂಪಾಯಿ ವಿನಾಯಿತಿಯನ್ನ ಇನ್ನೊಬ್ಬರದ್ದಕ್ಕೆ ಸೇರಿಸಿಕೊಳ್ಳೋ ಹಾಗಿಲ್ಲ. ಒಂದು ಕ್ಯಾಮೆರಾ, ಒಬ್ಬ ಮನುಷ್ಯ, ಒಂದು ವಿನಾಯಿತಿ. ಅಜ್ಜಿಯ 50,000 ಅಜ್ಜಿಯ ಹತ್ರವೇ ಉಳಿಯುತ್ತೆ. ಮಿಕ್ಕಿದ್ದಕ್ಕೆ 35% ಸುಂಕ, ಆ ಸುಂಕದ ಮೇಲೆ 10% ಸೋಶಿಯಲ್ ವೆಲ್‌ಫೇರ್ ಸರ್‌ಚಾರ್ಜ್, ಒಟ್ಟು 38.5%. ನೀವು ಹೋಗೋ ಹೊತ್ತಿಗೆ ಈ ಅಂಕಿ ಬದಲಾಗಿರಬಹುದು, ಹೊರಡೋ ವಾರ ಕಸ್ಟಮ್ಸ್‌ನ ವೆಬ್‌ಸೈಟ್ ನೋಡ್ಕೊಳ್ಳಿ.

ಬೆಂಗಳೂರಲ್ಲಿ ಇಳಿದಾಗ ಚಿಕ್ಕಪ್ಪ ಸೀದಾ ರೆಡ್ ಚಾನೆಲ್‌ಗೆ ಹೋದ್ರು. ಕೊರಳಲ್ಲಿ ಕ್ಯಾಮೆರಾ ನೇತಾಡ್ತಿದ್ರೆ ಯಾರೂ ಕೇಳಲ್ಲ, ಗ್ರೀನ್‌ನಲ್ಲಿ ಬನ್ನಿ ಅಂತ ಪಕ್ಕದ ಸೀಟಿನವರು ಹೇಳಿದ್ರಂತೆ. ಮೇಷ್ಟ್ರ ಕೆಲಸ ಮಾಡಿ ಈಗ ಸುಳ್ಳು ಹೇಳೋಕಾಗುತ್ತಾ ಅಂತ ಇವರು. ಹಾಗಾಗಿ ಅಸಲಿ ಲೆಕ್ಕ ಹೀಗಾಯ್ತು: ಬಿಲ್ 87,200. ಕಾರ್ಡ್ ಮಾರ್ಕಪ್ 3,601. ಸುಂಕ, 37,200ರ ಮೇಲೆ 38.5%, ಅಂದ್ರೆ 14,322. ಒಟ್ಟು 1,05,123. ತಿಪಟೂರಿಂದ ತುಮಕೂರಿಗೆ ಬಸ್ಸಲ್ಲಿ ಹೋಗಿ ತಂದಿದ್ರೆ 94,400. ನಾನು ಹೇಳಿದ್ದು 14,400 ಲಾಭ, ಆಗಿದ್ದು 10,723 ನಷ್ಟ. ಅವರು ಬೈಯಲಿಲ್ಲ. "ಸ್ಟೆಪ್ಸ್‌ಗೆ ಮಾರ್ಕ್ಸ್ ಕೊಡ್ತೀನಿ" ಅಂದ್ರು ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಈ ಸೆಮಿಸ್ಟರ್ ರಜದಲ್ಲಿ ಕೂತು ಅದನ್ನ ಫಾರ್ಮುಲಾ ಮಾಡಿದೆ. ಟ್ಯಾಕ್ಸ್ ಬಿಟ್ಟ ಬೆಲೆ P ಇರಲಿ, ಎರಡೂ ದೇಶದಲ್ಲಿ ಒಂದೇ ಅಂತ ಊಹಿಸೋಣ. ರೀಫಂಡ್ ಸಿಕ್ಕಿತು, ಏಜೆನ್ಸಿ ಫೀ P ಯ 1% ಅಂತ ಇಟ್ಕೊಂಡ್ರೆ, ಅಲ್ಲಿ ಉಳಿಯೋದು 18% ಕಳೆ 1% ಕಳೆ ಕಾರ್ಡ್‌ನ 4.5% (4.13% ಬೀಳೋದು ಟ್ಯಾಕ್ಸ್ ಸೇರಿದ ಬಿಲ್ ಮೇಲೆ, ಅದಕ್ಕೆ 4.5). ಅಂದ್ರೆ 0.125P. ಆ 2016ರ ನಿಯಮದಲ್ಲಿ ಬಿಲ್ 50,000 ದಾಟಿದ್ರೆ ಹೋಗ್ತಿದ್ದದ್ದು 0.385(1.09P − 50,000). ಎರಡನ್ನೂ ಸಮ ಮಾಡಿದ್ರೆ P ಸುಮಾರು 65,300 ಬರುತ್ತೆ. ಆ ನಿಯಮ ಇದ್ದಾಗ ಅದಕ್ಕಿಂತ ದುಬಾರಿ ಕ್ಯಾಮೆರಾ ಅಲ್ಲಿ ಕೊಂಡಿದ್ರೆ ಎಲ್ಲಾ ಸರಿಯಾಗಿ ಮಾಡಿದ್ರೂ ನಷ್ಟವೇ ಆಗ್ತಿತ್ತು. ಗ್ರಾಫ್ ಹಾಕಿ ನೋಡಿ, ಒಂದು ತ್ರಿಕೋನದ ತರ ಮೇಲೆ ಹೋಗಿ, ಬಿಲ್ ಸರಿಯಾಗಿ 50,000 ಆಗೋ ಜಾಗದಲ್ಲಿ, P ಸುಮಾರು 45,900ರ ಹತ್ರ, ತುದಿ ಮುಟ್ಟಿ ಬೀಳುತ್ತೆ. ಆ ತುದಿಯಲ್ಲಿ ಉಳಿತಾಯ ಸುಮಾರು 5,700 ರೂಪಾಯಿ. ರೀಫಂಡ್ ತಪ್ಪಿದ್ರೆ ಅದೇ ತುದಿ 2,000ಕ್ಕೆ ಇಳಿಯುತ್ತೆ. ಎರಡು ಸಾವಿರ ಅಂದ್ರೆ ದೀಪಾವಳಿ ಆಫರ್‌ನಲ್ಲಿ ಇಲ್ಲೇ ಸಿಗೋ ರಿಯಾಯಿತಿ, ಅಥವಾ ಒಂದು ಬ್ಯಾಗ್ ಮತ್ತು ಮೆಮೊರಿ ಕಾರ್ಡ್.

ಹಡಗಿನೊಳಗಿನ ಅಂಗಡಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಹಡಗು ಬಂದರಲ್ಲಿ ನಿಂತಿರುವಾಗ ಸಾಮಾನ್ಯವಾಗಿ ಮುಚ್ಚಿರುತ್ತೆ, ಕಡಲಿಗೆ ಇಳಿದ ಮೇಲೆ ತೆಗೀತಾರೆ. ವಾಚು, ಸೆಂಟು, ಚಾಕೊಲೇಟು, ಮದ್ಯ ತುಂಬಿರುತ್ತೆ, ಕ್ಯಾಮೆರಾ ಇದ್ರೂ ಎರಡು ಮೂರು ಮಾಡೆಲ್. ಇಳಿದ ಮೇಲೆ ಬದಲಾಯಿಸಿಕೊಡಿ ಅಂತ ಯಾರನ್ನ ಹುಡುಕ್ಕೊಂಡು ಹೋಗ್ತೀರ, ಅಂಗಡಿಯೇ ತೇಲ್ತಿದೆ.

ಈ ಪ್ರಶ್ನೆ ನಿಜವಾಗಿ ಜೋರಾಗಿ ಕೇಳಿಬರೋದು ಅಮೆರಿಕದಲ್ಲಿ, ಕೆರಿಬಿಯನ್ ಕ್ರೂಸ್‌ಗೆ ಹೋಗೋರ ಮಧ್ಯೆ. ನ್ಯೂಜೆರ್ಸಿಯಲ್ಲಿರೋ ನನ್ನ ಕಸಿನ್ ಇದನ್ನ ವಿವರಿಸಿದಾಗ ನನಗೆ ತಮಾಷೆ ಅನ್ನಿಸ್ತು. ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿ ಪಟ್ಟಣದಲ್ಲಿ ಹಡಗು ನಿಂತ್ರೆ ಬೀದಿ ತುಂಬ ಡ್ಯೂಟಿ-ಫ್ರೀ ಬೋರ್ಡು. 1917ರಲ್ಲಿ ಡೆನ್ಮಾರ್ಕ್‌ನಿಂದ ಎರಡೂವರೆ ಕೋಟಿ ಡಾಲರ್ ಬಂಗಾರ ಕೊಟ್ಟು ಅಮೆರಿಕ ಕೊಂಡ ದ್ವೀಪಗಳಲ್ಲಿ ಅದೂ ಒಂದು. ಅಮೆರಿಕನ್ನರು ಬೇರೆ ಕೆರಿಬಿಯನ್ ದೇಶಗಳಿಂದ 800 ಡಾಲರ್ ಸಾಮಾನು ಸುಂಕವಿಲ್ಲದೆ ತರಬಹುದಾದ್ರೆ, ಇಲ್ಲಿಂದ 1,600 ಡಾಲರ್. ಕೇಳೋಕೆ ಚೆನ್ನಾಗಿದೆ. ಆದ್ರೆ 1996ರ ಡಿಸೆಂಬರ್‌ನಲ್ಲಿ (ಅದೂ ಸಿಂಗಾಪುರದಲ್ಲೇ!) ಆದ ಇನ್ಫರ್ಮೇಷನ್ ಟೆಕ್ನಾಲಜಿ ಒಪ್ಪಂದದಿಂದಾಗಿ ಡಿಜಿಟಲ್ ಸ್ಟಿಲ್ ಕ್ಯಾಮೆರಾಗೆ ಅಮೆರಿಕದ ಮೂಲ ಸುಂಕವೇ ಸೊನ್ನೆ. ಇಲ್ಲದಿರೋ ಸುಂಕದಿಂದ ಮುಕ್ತಿ! 2025ರಲ್ಲಿ ಹೆಚ್ಚುವರಿ ಸುಂಕಗಳ ಗಲಾಟೆ ಶುರುವಾಗೋವರೆಗೂ ಆ ಬೋರ್ಡು ಕ್ಯಾಮೆರಾ ವಿಷಯದಲ್ಲಿ ಬರೀ ಬೋರ್ಡು. ಉಳಿಯೋದು ನ್ಯೂಜೆರ್ಸಿಯ 6.625% ಸೇಲ್ಸ್ ಟ್ಯಾಕ್ಸ್ ಮಾತ್ರ, ಕಾನೂನು ಪ್ರಕಾರ ಅದನ್ನೂ ಮನೆಗೆ ಬಂದ ಮೇಲೆ ಯೂಸ್ ಟ್ಯಾಕ್ಸ್ ಅಂತ ಕಟ್ಟಬೇಕು.

ಇಷ್ಟೂ ದುಡ್ಡಿನ ಮಾತಾಯ್ತು. ದುಡ್ಡಿಗಿಂತ ನನಗೆ ಹೊಟ್ಟೆ ಉರಿಸಿದ್ದು ಬೇರೆ.

ಹೊಸ ಕ್ಯಾಮೆರಾ ಕೈಗೆ ಬಂದಿದ್ದು ಹಿಂದಿನ ರಾತ್ರಿ. ಪೆನಾಂಗ್ ಹತ್ರ ಬರ್ತಿದ್ದ ಬೆಳಗಿನ ಜಾವ ಅಜ್ಜಿ ಎದ್ದು, ಕೆಂಪು ಇಳಕಲ್ ಸೀರೆ ಉಟ್ಟು, ಡೆಕ್ ಮೇಲೆ ರೇಲಿಂಗ್ ಹಿಡಿದು ನಿಂತಿದ್ರಂತೆ. ಅಜ್ಜಿ ಅದಕ್ಕೂ ಮುಂಚೆ ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ. ಚಿಕ್ಕಪ್ಪ ಕ್ಯಾಬಿನ್‌ನಿಂದ ಕ್ಯಾಮೆರಾ ತಂದು ಕಣ್ಣಿಗಿಟ್ರೆ ಬರೀ ಬಿಳಿ. ಲೆನ್ಸ್ ಕೆಟ್ಟುಹೋಗಿದೆ ಅಂತ ಗಾಬರಿಯಾಗಿ ಟವಲ್‌ನಿಂದ ಒರೆಸಿದ್ರು. ಮತ್ತೆ ಬಿಳಿ.

ಥರ್ಮೋಡೈನಾಮಿಕ್ಸ್ ಓದಿದವರಿಗೆ ಇಷ್ಟರಲ್ಲಿ ಗೊತ್ತಾಗಿರುತ್ತೆ. ಕ್ಯಾಬಿನ್ ಎಸಿ 21 ಡಿಗ್ರಿ ಅಂತಿಟ್ಕೊಳ್ಳಿ, ರಾತ್ರಿಯಿಡೀ ಗಾಜು, ಲೋಹ ಎಲ್ಲ ಅದೇ ಉಷ್ಣಾಂಶಕ್ಕೆ ಬಂದಿರುತ್ತೆ. ಹೊರಗೆ 30 ಡಿಗ್ರಿ, ಆರ್ದ್ರತೆ 80%. ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. 26ಕ್ಕಿಂತ ತಣ್ಣಗಿರೋ ಯಾವ ಮೇಲ್ಮೈ ಸಿಕ್ಕಿದ್ರೂ ನೀರು ಅಲ್ಲಿ ಕೂರುತ್ತೆ. ಫ್ರಿಜ್‌ನಿಂದ ತೆಗೆದ ಬಾಟಲ್ ಬೆವರೋ ಹಾಗೇನೇ. ಒರೆಸಿದ್ರೆ ನೀರು ಹೋಗುತ್ತೆ, ಗಾಜು ಇನ್ನೂ ತಣ್ಣಗೇ ಇರುತ್ತೆ, ಮತ್ತೆ ಕೂರುತ್ತೆ. ಜೊತೆಗೆ ಕಡಲ ಗಾಳಿಯ ಉಪ್ಪು ಇದ್ರೆ ಟವಲ್ ಉಜ್ಜಿ ಕೋಟಿಂಗ್ ಗೀರೋದೂ ಆಗುತ್ತೆ. ಮಾಡಬೇಕಾದ್ದು ಸುಲಭ: ಕ್ಯಾಬಿನ್ ಒಳಗೇ ಕ್ಯಾಮೆರಾನ ಪ್ಲಾಸ್ಟಿಕ್ ಜಿಪ್ ಕವರಲ್ಲಿ ಹಾಕಿ ಮುಚ್ಚಿ, ಹೊರಗೆ ತಂದು ಅರ್ಧ ಗಂಟೆ ಹಾಗೇ ಬಿಡಿ. ಇಬ್ಬನಿ ಕೂತ್ರೂ ಕವರ್ ಮೇಲೆ ಕೂರುತ್ತೆ. ಕ್ಯಾಮೆರಾ ಬಿಸಿಯಾದ ಮೇಲೆ ತೆಗೀರಿ.

ಚಿಕ್ಕಪ್ಪನಿಗೆ ಇದು ಗೊತ್ತಾಗಬೇಕಿತ್ತು ಅಂದ್ರೆ ಕ್ಯಾಮೆರಾ ಅವರ ಹತ್ರ ಒಂದು ತಿಂಗಳು ಮುಂಚೆ ಇರಬೇಕಿತ್ತು. ಮನೆಯಲ್ಲಿ ಇದ್ದಿದ್ರೆ ಗೋಡೆಗೆ ಪ್ರಜಾವಾಣಿ ಅಂಟಿಸಿ ಫೋಟೋ ತೆಗೆದು ನಾಲ್ಕೂ ಮೂಲೆಯ ಅಕ್ಷರ ಒಂದೇ ಸಮ ಚೂಪಾಗಿದೆಯಾ ನೋಡ್ತಿದ್ರು, ಇಲ್ಲದಿದ್ರೆ ಲೆನ್ಸ್ ಒಳಗೆ ಏನೋ ವಾಲಿದೆ ಅಂತ ಅರ್ಥ. ತೋಟದಲ್ಲಿ ನಿಂತು ಬಿಳಿ ಆಕಾಶದೆದುರು ತೆಂಗಿನ ಗರಿ ತೆಗೀತಿದ್ರು. ಗರಿಯ ಅಂಚಲ್ಲಿ ನೇರಳೆ ಗೆರೆ ಕಾಣುತ್ತಲ್ಲ, ಕ್ರೊಮ್ಯಾಟಿಕ್ ಅಬೆರೇಶನ್, ಅದನ್ನ ಹಿಡಿಯೋಕೆ ತಿಪಟೂರಿಗಿಂತ ಒಳ್ಳೆ ಲ್ಯಾಬ್ ಇಲ್ಲ. ಲೆನ್ಸ್ ಮುಚ್ಚಳ ಹಾಕಿ ಒಂದು ಫೋಟೋ ತೆಗೆದ್ರೆ ಸೆನ್ಸರ್‌ನ ಹಾಟ್ ಪಿಕ್ಸೆಲ್ ಚುಕ್ಕಿಗಳು ಕಾಣ್ತಾವೆ. ಏನಾದ್ರೂ ಸಿಕ್ಕಿದ್ರೆ ತುಮಕೂರಿಗೆ ಹೋಗಿ ಬದಲಾಯಿಸಿಕೊಂಡು ಬರೋದು. ನನ್ನ ಎಕ್ಸೆಲ್ ಶೀಟಲ್ಲಿ ಈ ಒಂದು ತಿಂಗಳಿಗೆ ಬೆಲೆ ಹಾಕಿರಲಿಲ್ಲ, ಈಗಲೂ ಹೇಗೆ ಹಾಕೋದು ಗೊತ್ತಿಲ್ಲ.

ವಾರಂಟಿ ಕಥೆ ಚಿಕ್ಕದು. ಏಪ್ರಿಲ್‌ನಲ್ಲಿ ಆಟೋಫೋಕಸ್ ನಿಂತುಹೋಯ್ತು. ಬೆಂಗಳೂರಿನ ಸರ್ವಿಸ್ ಸೆಂಟರ್‌ನಲ್ಲಿ ಕಾರ್ಡ್ ನೋಡಿ, ಇದು ಸಿಂಗಾಪುರದ ವಾರಂಟಿ, ಇಲ್ಲಿ ದುಡ್ಡು ಕೊಟ್ಟು ಮಾಡಿಸಬೇಕು ಅಂದ್ರು. ಎಂಟು ಸಾವಿರದ ಚಿಲ್ಲರೆ. ಅವರದ್ದು ತಪ್ಪಿಲ್ಲ, ಕಾರ್ಡಲ್ಲಿ ಬರೆದಿತ್ತು. ಎಲ್ಲೇ ಕೊಂಡ್ರೂ ಅಂಗಡಿಯಲ್ಲೇ ಆ ಕಾರ್ಡ್ ಓದಿ, ಇಂಟರ್‌ನ್ಯಾಷನಲ್ ಅಂತ ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಇಲ್ಲೇ ಕೊಂಡು ಹೋಗೋರಿಗೂ ಒಂದು ಕೆಲಸ ಇದೆ. ದುಬಾರಿ ಕ್ಯಾಮೆರಾ ತಗೊಂಡು ಹೊರಡುವಾಗ ಏರ್‌ಪೋರ್ಟ್‌ನ ಕಸ್ಟಮ್ಸ್ ಕೌಂಟರ್‌ನಲ್ಲಿ ಸೀರಿಯಲ್ ನಂಬರ್ ಹಾಕಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ವಾಪಸ್ ಬಂದಾಗ ಇದು ಇಲ್ಲಿಂದಲೇ ಹೋದದ್ದು ಅಂತ ತೋರಿಸೋಕೆ. ಅದಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಬಿಲ್ಲಿನ ಪ್ರತಿಯನ್ನೂ ಇಟ್ಕೊಳ್ಳಿ.

ಅಜ್ಜಿಗೆ ಈಗ ಮಂಡಿ ಪೂರ್ತಿ ಹೋಗಿದೆ, ಹಿತ್ತಲಿನ ಎರಡು ಮೆಟ್ಟಿಲು ಇಳಿಯೋದೂ ಕಷ್ಟ. ಆ ಬೆಳಗಿನ ಹದಿನೇಳು ಫೋಟೋದಲ್ಲಿ ಹದಿನಾರು ಡಿಲೀಟ್ ಮಾಡಿದ್ವಿ. ಒಂದರಲ್ಲಿ ಮಂಜಿನ ಮಧ್ಯೆ ಕೆಂಪು ಸೀರೆಯ ಆಕಾರ ಒಂದು ಕಾಣುತ್ತೆ, ಮುಖ ಇಲ್ಲ. ಅದನ್ನ ಚಿಕ್ಕಮ್ಮ ಪ್ರಿಂಟ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಬಂದವರೆಲ್ಲ ಇದು ಯಾವ ಬೆಟ್ಟ ಅಂತ ಕೇಳ್ತಾರೆ.