ತುದಿ ಮಡಚಿದ ಮೇಲೆ

ಮಕ್ಕಳ ಜತೆ ಒಡವೆ ಮಾಡುವ ಕೆಲಸ ಅವರು ಬಂದು ಕೂತ ಮೇಲೆ ಶುರುವಾಗುವುದಿಲ್ಲ, ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಪೈಪ್ ಕ್ಲೀನರ್ ಕಟ್ಟು ಬಿಚ್ಚಬೇಕು, ಅಳತೆಗೆ ಕತ್ತರಿಸಬೇಕು, ಕತ್ತರಿಸಿದ ಪ್ರತಿ ತುಂಡಿನ ಎರಡೂ ತುದಿಯನ್ನು ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಮಡಚಿ ಒತ್ತಬೇಕು. ಮೇಲಿಂದ ನೋಡಿದರೆ ಮೆತ್ತಗೆ, ಬಣ್ಣಬಣ್ಣವಾಗಿ, ಮುಟ್ಟಿದರೆ ಕಚಗುಳಿ ಇಡುವ ವಸ್ತು. ಒಳಗಿರುವುದು ಮಾತ್ರ ಉಕ್ಕಿನ ತಂತಿ. ಎರಡು ಸಣ್ಣ ತಂತಿಗಳ ನಡುವೆ ನಾರಿನ ಚೂರುಗಳನ್ನು ಸಿಕ್ಕಿಸಿ ಹುರಿ ಹಾಕಿದಾಗ ನಾರು ಸುತ್ತಲೂ ನಿಗುರಿ ನಿಲ್ಲುತ್ತದೆ. ಬಾಟಲಿ ತೊಳೆಯುವ ಬ್ರಷ್ ತಯಾರಾಗುವುದೂ ಇದೇ ವಿಧಾನದಲ್ಲಿ. ಕತ್ತರಿ ಬಿದ್ದ ಜಾಗದಲ್ಲಿ ಆ ತಂತಿಯ ಎರಡು ಮೊನೆಗಳು ಹೊರಗೆ ಇಣುಕುತ್ತವೆ. ಆರು ವರ್ಷದ ಮಗುವಿನ ಮಣಿಕಟ್ಟಿಗೆ ಒಂದು ಗೀರು ಬೀಳಲು ಅಷ್ಟು ಸಾಕು.

ಉಡುಪಿಯ ಸುತ್ತಮುತ್ತ ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಜತೆ ಈ ಕೆಲಸ ಮಾಡುತ್ತ ಬಂದವಳಾಗಿ ಮೊದಲು ಹೇಳಬೇಕಾದ್ದು ಇದನ್ನೇ. ದೊಡ್ಡವರು ಮಾಡಬೇಕಾದದ್ದೆಲ್ಲ ಹಿಂದಿನ ರಾತ್ರಿಯ ಕೆಲಸ. ಬೆಳಿಗ್ಗೆ ಮಕ್ಕಳು ಸೇರಿದ ಮೇಲೆ ದೊಡ್ಡವರ ಕೈಗೆ ಕೆಲಸ ಕಡಿಮೆ ಇದ್ದಷ್ಟೂ ಒಡವೆ ಚೆನ್ನಾಗಿ ಬರುತ್ತದೆ.

ಪೈಪ್ ಕ್ಲೀನರ್ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನಲ್ಲಿ ಜೆ. ಹ್ಯಾರಿ ಸ್ಟೆಡ್‌ಮನ್ ಮತ್ತು ಚಾರ್ಲ್ಸ್ ಏಂಜೆಲ್ ಎಂಬಿಬ್ಬರು ಇದನ್ನು ರೂಪಿಸಿದರು. ಹೊಗೆಸೊಪ್ಪಿನ ಪೈಪಿನ ಕೊಳವೆಯೊಳಗೆ ಕಟ್ಟಿಕೊಳ್ಳುವ ತೇವ, ಮಸಿ ತೆಗೆಯುವುದು ಅದರ ಉದ್ದೇಶ. ಅಸಲು ಪೈಪ್ ಕ್ಲೀನರಿನಲ್ಲಿ ನೀರು ಹೀರುವ ಹತ್ತಿಯ ನಾರಿರುತ್ತದೆ. ಇಂದು ಫ್ಯಾನ್ಸಿ ಅಂಗಡಿಗಳಲ್ಲಿ ಸಿಗುವ ಬಣ್ಣದ ಕಟ್ಟುಗಳಲ್ಲಿ ಹೆಚ್ಚಾಗಿ ಪಾಲಿಯೆಸ್ಟರ್. ಈ ಕಥೆ ಹೇಳಿದಾಗ ಒಬ್ಬ ಹುಡುಗ ಕೇಳಿದ, "ಬೀಡಿಗೂ ಬೇಕಾಗ್ತದಾ ಟೀಚರ್?" ಅವನ ಅಜ್ಜಿ ಬೀಡಿ ಕಟ್ಟುವವರು. ಕರಾವಳಿಯ ಎಷ್ಟೋ ಮನೆಗಳ ಹಾಗೆ ಆ ಮನೆಯಲ್ಲೂ ಮೊರದ ತುಂಬ ಎಲೆ, ಹೊಗೆಸೊಪ್ಪು, ನೂಲು. ಬೀಡಿಗೆ ಬೇಡ, ಅದು ಸೇದಿ ಬಿಸಾಡುವುದು ಎಂದರೆ ಅವನಿಗೆ ಸ್ವಲ್ಪ ನಿರಾಸೆ. ಮಕ್ಕಳಿಗೆ ಅಮೆರಿಕದ ಹೆಸರು ಬೇಕಾಗಲಿಲ್ಲ. ಅವರು ಅದನ್ನು 'ಕಂಬಳಿಹುಳ' ಎಂದು ಕರೆದರು, ಶಿಬಿರ ಮುಗಿಯುವವರೆಗೂ ಅದೇ ಹೆಸರು.

ಸಾಮಾನ್ಯವಾಗಿ ಸಿಗುವ ಪೈಪ್ ಕ್ಲೀನರ್ ಕಡ್ಡಿಯ ಉದ್ದ 30 ಸೆಂಟಿಮೀಟರ್, ನಾರು ಸೇರಿ ದಪ್ಪ 6 ಮಿಲಿಮೀಟರ್. ಅರ್ಧಕ್ಕೆ ಕತ್ತರಿಸಿದರೆ ಎರಡು ಬಳೆ ಆಗುತ್ತವೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಬರೀ ತಂತಿಯ ಬಳೆಗಾದರೆ ಸರಿಯೇ, 15 ಸೆಂಟಿಮೀಟರ್ ಒಂದನೇ ಕ್ಲಾಸಿನ ಮಗುವಿನ ಕೈಗೆ ಹೇಗೋ ಸಾಲುತ್ತದೆ. ಮಣಿ ಪೋಣಿಸಿದೊಡನೆ ಲೆಕ್ಕ ಬದಲಾಗುತ್ತದೆ. ದೊಡ್ಡ ತೂತಿನ ಪ್ಲಾಸ್ಟಿಕ್ ಮಣಿಯ ಅಗಲ ಸುಮಾರು 9 ಮಿಲಿಮೀಟರ್. ಅದರ ಅರ್ಧ ಭಾಗ ತಂತಿಯ ಒಳಬದಿಗೆ, ಅಂದರೆ ಕೈಯ ಕಡೆಗೆ, ಚಾಚಿಕೊಳ್ಳುತ್ತದೆ. ಬಳೆಯ ತ್ರಿಜ್ಯ ನಾಲ್ಕೂವರೆ ಮಿಲಿಮೀಟರ್ ತಗ್ಗಿದರೆ ಒಳಸುತ್ತಳತೆ ಹತ್ತಿರ ಹತ್ತಿರ 2.8 ಸೆಂಟಿಮೀಟರ್ ತಗ್ಗುತ್ತದೆ. ಹದಿನೈದರ ತುಂಡು ಹನ್ನೆರಡಾಯಿತು, ಕೊಕ್ಕೆ ಹಾಕಲು ಎರಡು ತುದಿ ಬಿಟ್ಟರೆ ಇನ್ನೂ ಕಡಿಮೆ. ಬಳೆ ಕೈಗೆ ಏರುವುದಿಲ್ಲ, ಏರಿದರೂ ಚುಚ್ಚುತ್ತದೆ, ಮಗು ಅಳುತ್ತದೆ.

ಆದ್ದರಿಂದ ಅರ್ಧ ಬೇಡ, ಮೂರರಲ್ಲಿ ಎರಡು ಭಾಗ. 20 ಸೆಂಟಿಮೀಟರ್ ಮಣಿಬಳೆಗೆ, ಉಳಿದ 10 ಸೆಂಟಿಮೀಟರ್ ಉಂಗುರಕ್ಕೆ. ಹತ್ತರ ತುಂಡು ಮಗುವಿನ ಬೆರಳಿಗೆ ಎರಡು ಸುತ್ತು ಬಂದು ನಡುವೆ ಒಂದು ಮಣಿಗೆ ಜಾಗ ಕೊಡುತ್ತದೆ. ಒಂದು ಕಡ್ಡಿ, ಒಂದು ಬಳೆ, ಒಂದು ಉಂಗುರ, ಏನೂ ವ್ಯರ್ಥವಿಲ್ಲ. ಈ ಲೆಕ್ಕವನ್ನು ಏಳನೇ ಕ್ಲಾಸಿನವರ ಎದುರು ಉತ್ತರ ಹೇಳದೆ ಇಟ್ಟಾಗ, ನೂಲು ಹಿಡಿದು ಒಳಗಿನ ಸುತ್ತು, ಹೊರಗಿನ ಸುತ್ತು ಎರಡನ್ನೂ ಅಳೆದು ನೋಡಿದವರು ಅವರೇ. ಪರೀಕ್ಷೆ ಮುಗಿದ ಮೇಲೂ ವೃತ್ತದ ಪರಿಧಿ ತಮ್ಮನ್ನು ಬಿಡಲಿಲ್ಲವಲ್ಲ ಎಂದು ಒಬ್ಬಳು ಗೊಣಗಿದಳು. ಗೊಣಗುತ್ತಲೇ ಸರಿಯಾಗಿ ಅಳೆದಳು.

ತೀರ ಚಿಕ್ಕವರಿಗೆ ಈ ವಸ್ತು ಒದಗಿಬರಲು ಕಾರಣ ಅದರ ಬಿಗುವು. ದಾರದಲ್ಲಿ ಮಣಿ ಪೋಣಿಸುವುದು ನಾಲ್ಕು ವರ್ಷದ ಬೆರಳಿಗೆ ಕಷ್ಟ. ದಾರ ಬಾಗುತ್ತದೆ, ತುದಿ ಬಿಚ್ಚಿಕೊಳ್ಳುತ್ತದೆ, ಕೈ ಸಡಿಲಿಸಿದರೆ ಅಷ್ಟೂ ಮಣಿ ನೆಲಕ್ಕೆ. ಪೈಪ್ ಕ್ಲೀನರ್ ನೆಟ್ಟಗೆ ನಿಲ್ಲುತ್ತದೆ. ನಾರು ಮಣಿಯ ಒಳಮೈಯನ್ನು ಒತ್ತಿ ಹಿಡಿಯುವುದರಿಂದ, ಪೋಣಿಸಿದ ಮಣಿ ಇಟ್ಟಲ್ಲೇ ಇರುತ್ತದೆ. ಒಂದು ತುದಿಯನ್ನು ಮೊದಲೇ ಸಣ್ಣ ಉಂಗುರದ ಹಾಗೆ ಸುತ್ತಿಟ್ಟರೆ ಇನ್ನೊಂದು ಕಡೆಯಿಂದಲೂ ಜಾರುವುದಿಲ್ಲ. ಮಣಿಯ ತೂತು ಕಿರಿದಾಗಿದ್ದು ಮಡಚಿದ ತುದಿ ಒಳಗೆ ಹೋಗದಿದ್ದರೆ, ಮಡಚುವ ಬದಲು ಶೂ ಲೇಸಿನ ತುದಿಗೆ ಇರುವಂತೆ ಸೆಲ್ಲೋಟೇಪಿನ ಚೂರು ಬಿಗಿದು ಸುತ್ತಬಹುದು. ಮೂರು ವರ್ಷದೊಳಗಿನವರ ಕೈಗೆ ಮಾತ್ರ ಮಣಿ ಕೊಡುವ ಮಾತೇ ಇಲ್ಲ, ಅವರಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅಕ್ಕನ ಜತೆ ಶಿಬಿರಕ್ಕೆ ಬರುವ ತಮ್ಮಂದಿರು ಎಲ್ಲ ಊರಲ್ಲೂ ಇರುತ್ತಾರೆ, ಅವರಿಗೆ ಬೇರೆ ಚಾಪೆ, ಬೇರೆ ಆಟ.

ಪೋಣಿಸುವುದನ್ನು ಮಕ್ಕಳ ಕಲಿಕೆಗೆ ತಂದದ್ದು ಇಂದು ನಿನ್ನೆಯ ಮಾತಲ್ಲ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ, ಮುಂದೆ ಕಿಂಡರ್‌ಗಾರ್ಟನ್ ಎಂದು ಹೆಸರಾದ ಶಾಲೆಯನ್ನು ತೆರೆದ ಫ್ರೆಡ್ರಿಕ್ ಫ್ರೊಬೆಲ್ ಚಿಕ್ಕವರಿಗೆಂದು ಹೇಳಿದ ಕೈಕೆಲಸಗಳಲ್ಲಿ ಮಣಿ ಪೋಣಿಸುವುದು, ಕಾಗದ ಹೆಣೆಯುವುದು, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಮನೆ ಕಟ್ಟುವುದು ಎಲ್ಲ ಇದ್ದವು. ಬಟಾಣಿ ನಮ್ಮ ಸೆಖೆಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ ಎಂಬುದು ಬೇರೆ ವಿಷಯ.

ಮಣಿ ಎಲ್ಲಿಯದು ಎಂಬುದೂ ಯೋಚಿಸಬೇಕಾದ ಸಂಗತಿ. ಪ್ಲಾಸ್ಟಿಕ್ ಮಣಿ ಅಗ್ಗ, ಬೆಂಗಳೂರಿನ ಮಾಮೂಲ್‌ಪೇಟೆಯಿಂದ ಯಾರಾದರೂ ಸಗಟಿನಲ್ಲಿ ತಂದುಕೊಡುತ್ತಾರೆ. ನನಗೆ ಇಷ್ಟವಾದದ್ದು ಚನ್ನಪಟ್ಟಣದ ಅರಗಿನ ಮಣಿ. ಹಾಲೆಮರವನ್ನು ಕಡೆದು, ಚರಕಿಯಲ್ಲಿ ತಿರುಗುವಾಗಲೇ ಬಣ್ಣದ ಅರಗು ಹಿಡಿದು, ಬಿಸಿಗೆ ಕರಗಿಸಿ ಮೆತ್ತುವ ಆ ಮಣಿ ಕೈಗೆ ತಂಪಾಗಿರುತ್ತದೆ, ಹೊಳಪು ಬೇಗ ಮಾಸುವುದಿಲ್ಲ. ದುಬಾರಿ, ನಿಜ. ಹಾಗಾಗಿ ಬಳೆಗೊಂದು ಮರದ ಮಣಿ, ಉಳಿದದ್ದು ಕಾಗದದ್ದು. ಹಳೇ ವಾರಪತ್ರಿಕೆಯ ಹಾಳೆಯನ್ನು ಉದ್ದ ತ್ರಿಕೋನವಾಗಿ ಕತ್ತರಿಸಿ, ಅಂಟು ಸವರಿ, ಅಗಲ ತುದಿಯಿಂದ ಕಡ್ಡಿಯ ಮೇಲೇ ಸುತ್ತುತ್ತ ಬಂದರೆ ನಡು ಉಬ್ಬಿದ ಮಣಿ ಸಿದ್ಧ. ಕಡ್ಡಿಯ ಮೇಲೇ ಸುತ್ತಿದ್ದರಿಂದ ತೂತು ಹಿಡಿಯುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲ. ಸಿನಿಮಾ ನಟನ ಮುಖವೇ ಮಣಿಯ ಹೊರಗೆ ಬರಬೇಕೆಂದು ಹಟ ಹಿಡಿದವರು ಕೊನೆಗೆ ಅವನ ಒಂದು ಹುಬ್ಬಿಗೆ ಸಮಾಧಾನಪಟ್ಟುಕೊಂಡರು.

ಒಂದು ವಸ್ತುವಿನ ಬಗ್ಗೆ ಮಾತ್ರ ಎಚ್ಚರ ಹೇಳಲೇಬೇಕು. ಮಣಿ ಎಂದೊಡನೆ ಮಕ್ಕಳು ಬೇಲಿಯಿಂದ ಗುಲಗಂಜಿ ಕಿತ್ತು ತರುತ್ತಾರೆ. ಕೆಂಪು ಮೈ, ಕಪ್ಪು ಕಣ್ಣು, ಅಷ್ಟು ಚೆಂದದ ಕಾಳು ಇನ್ನೊಂದಿಲ್ಲ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕಾಳು ಅಂದಮೇಲೆ ಒಡವೆಗೆ ಅದಕ್ಕಿಂತ ಒಪ್ಪುವುದು ಯಾವುದು? ಆದರೆ ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಗಟ್ಟಿ ಸಿಪ್ಪೆ ಇರುವ ತನಕ ಒಳಗಿನದು ಹೊರಗೆ ಬಾರದು. ಪೋಣಿಸಲೆಂದು ಸೂಜಿಯಿಂದ ತೂತು ಮಾಡಿದರೆ ಆ ಕಾವಲು ಹೋಯಿತು. ತೂತಾದ ಕಾಳು ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ, ಚುಚ್ಚುವಾಗ ಸೂಜಿ ಬೆರಳಿಗೆ ನಾಟಿದರೂ ಕೇಡು. ಮಕ್ಕಳು ತಂದ ಗುಲಗಂಜಿಯನ್ನು ಬೈಯದೆ ಇಸಿದುಕೊಂಡು, ಏಕೆ ಬೇಡ ಎಂಬುದನ್ನು ಇದ್ದ ಹಾಗೆ ಹೇಳಿದರೆ ಸಾಕು. ಮರುದಿನ ಅವರೇ ಬೇರೆಯವರಿಗೆ ಹೇಳುತ್ತಾರೆ, ಸ್ವಲ್ಪ ಉಪ್ಪುಖಾರ ಹೆಚ್ಚೇ ಸೇರಿಸಿ.

ಕೊರಳಿಗೆ, ಕಿವಿಗೆ ಬೇರೆ ನಿಯಮ. ತಂತಿಯ ಸರ ಎಲ್ಲಾದರೂ ಸಿಕ್ಕಿಕೊಂಡರೆ ಹರಿಯುವುದಿಲ್ಲ. ಓಡಾಡುವ, ಮರ ಹತ್ತುವ ಮಕ್ಕಳ ಕತ್ತಿಗೆ ಹರಿಯದ ಉರುಳು ಬೇಡ. ಪದಕ ಪೈಪ್ ಕ್ಲೀನರಿನದಿರಲಿ, ಕೊರಳ ಸುತ್ತ ಎಳೆದರೆ ಪಟ್ಟನೆ ತುಂಡಾಗುವ ಒಂಟಿ ಎಳೆ ನೂಲಿರಲಿ. ಕಿವಿಯ ತೂತಿಗೆ ಈ ತಂತಿಯನ್ನು ತೂರಿಸುವ ಹಾಗಿಲ್ಲ. ಕಿವಿಯ ಮೇಲಿನಿಂದ ಸುತ್ತಿ ತರುವ ಅರ್ಧಚಂದ್ರದ ಕೊಕ್ಕೆ ಮಾಡಿ, ಅದರ ಕೆಳಗೆ ಜುಮುಕಿ ತೂಗುಹಾಕಿದರಾಯಿತು. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಒಪ್ಪಿಸುವುದು ಸುಲಭ. ವೇಷಧಾರಿಯ ಕರ್ಣಕುಂಡಲವನ್ನೂ ತೂತಿಗೆ ಹಾಕುವುದಿಲ್ಲ, ಕಟ್ಟುತ್ತಾರೆ.

ಯಕ್ಷಗಾನವೇ ಇನ್ನೊಂದು ಗಂಟನ್ನೂ ಬಿಡಿಸಿತು. ಒಡವೆ ಎಂದಾಗ ಗಂಡುಹುಡುಗರಲ್ಲಿ ಅರ್ಧದಷ್ಟು ಮಂದಿ ಹಿಂದಿನ ಸಾಲಿಗೆ ಸರಿದು ಕೂರುತ್ತಾರೆ. ಸರ, ಬಳೆ ಹೆಣ್ಣುಮಕ್ಕಳದ್ದು ಎಂಬ ಪಾಠ ಅವರಿಗೆ ಆಗಲೇ ಆಗಿಹೋಗಿರುತ್ತದೆ. ಅದನ್ನು ಉಪದೇಶದಿಂದ ತಿದ್ದುವುದು ವ್ಯರ್ಥ. ಕಿರೀಟ, ಭುಜಕೀರ್ತಿ, ಎದೆಕಟ್ಟು ಧರಿಸಿ ರಂಗಸ್ಥಳಕ್ಕೆ ಬರುವ ಅರ್ಜುನ ಯಾರು ಹಾಗಾದರೆ, ಎಂದು ಒಬ್ಬಳು ಪುಟ್ಟ ಹುಡುಗಿ ಕೇಳಿದಳು. ಆ ಮೇಲೆ ಹಿಂದಿನ ಸಾಲು ಮುಂದಕ್ಕೆ ಬಂತು. ಹಗುರವಾದ ಮರದ ತುಂಡಿಗೆ ಬೇಗಡೆ, ಕನ್ನಡಿ ಚೂರು ಅಂಟಿಸಿ ಮಾಡುವ ಆ ವೇಷಭೂಷಣವನ್ನು ಹುಡುಗರು ರಟ್ಟು ಮತ್ತು ಬಂಗಾರ ಬಣ್ಣದ ಮಿಂಚುವ ಕಡ್ಡಿಗಳಲ್ಲಿ ಮಾಡಿದರು. ಪೆನ್ಸಿಲಿಗೆ ಬಿಗಿಯಾಗಿ ಸುತ್ತಿ ತೆಗೆದ ಸುರುಳಿಗಳನ್ನು ರಟ್ಟಿನ ಅಂಚಿಗೆ ಸಾಲಾಗಿ ಸಿಕ್ಕಿಸುವ ಉಪಾಯ ಅವರದ್ದೇ, ಯಾರೂ ತೋರಿಸಿದ್ದಲ್ಲ. ಅದಕ್ಕೇ ಶಿಬಿರಗಳಲ್ಲಿ ಮಾದರಿ ಒಡವೆಯನ್ನು ಮೇಜಿನ ಮೇಲೆ ಇಡುವುದು ನನಗೆ ಹಿಡಿಸುವುದಿಲ್ಲ. ಟೀಚರ್ ಮಾಡಿದ ಹೂವಿನುಂಗುರ ಎದುರಿಗಿದ್ದರೆ ಮೂವತ್ತು ಮಕ್ಕಳು ಮೂವತ್ತು ಹೂವಿನುಂಗುರ ಮಾಡುತ್ತಾರೆ, ತಮ್ಮದು ಟೀಚರದ್ದರ ಹಾಗಿಲ್ಲ ಎಂದು ಬೇಜಾರು ಪಡುತ್ತಾರೆ.

ತೋರಿಸಬೇಕಾದದ್ದು ವಸ್ತುವನ್ನಲ್ಲ, ಕೈಚಳಕವನ್ನು: ಮಡಚುವುದು, ಸುರುಳಿ ಸುತ್ತುವುದು, ಹುರಿ ಹಾಕುವುದು. ಹುರಿಯಲ್ಲಿ ಒಂದು ಸೂಕ್ಷ್ಮವಿದೆ. ಎರಡು ಬಣ್ಣದ ಕಡ್ಡಿಗಳನ್ನು ಇಬ್ಬರು ಎದುರುಬದುರು ಹಿಡಿದು, ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಿಸಿದರೆ ಹುರಿ ಏರುತ್ತದೆ. ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ತಿರುಗಿಸಿದರೆ ಕಡ್ಡಿ ಸುಮ್ಮನೆ ಗರಗರ ತಿರುಗುತ್ತದೆ, ಹುರಿ ಬೀಳುವುದಿಲ್ಲ. ಎಡಗೈಯವಳೊಬ್ಬಳು, ಬಲಗೈಯವಳೊಬ್ಬಳು ಜೋಡಿಯಾದಾಗ ಹೀಗಾಯಿತು. ತಪ್ಪು ಎಲ್ಲಿ ಎಂದು ಪತ್ತೆ ಮಾಡಿದವನು ತೆಂಗಿನ ನಾರಿನ ಹಗ್ಗ ಹೊಸೆಯುವ ಮನೆಯ ಹುಡುಗ. "ನೀವಿಬ್ಬರೂ ಒಂದೇ ಹಗ್ಗ ಬಿಚ್ತಾ ಇದ್ದೀರಿ ಮಾರಾಯ್ತಿ" ಎಂದ.

ಮನೆಯ ಕಸುಬು ಹೀಗೆ ಇನ್ನೊಂದು ಕಡೆಯೂ ಕಾಣಿಸಿಕೊಂಡಿತು. ಶಂಕರಪುರದ ಕಡೆಯ ಹುಡುಗಿಯೊಬ್ಬಳು ಬಿಳಿ ಕಡ್ಡಿಯನ್ನು ಬೆರಳುಗುರಿನಷ್ಟು ಸಣ್ಣ ತುಂಡುಗಳಾಗಿ ಮಾಡಿಸಿಕೊಂಡು, ಎರಡೆರಡನ್ನೇ ಹಸಿರು ಕಡ್ಡಿಗೆ ಬಿಗಿಯುತ್ತ ಹೋದಳು. ಅವಳ ಮನೆಯಲ್ಲಿ ಮಲ್ಲಿಗೆ ಬೆಳೆಯುತ್ತಾರೆ, ಬೆಳಿಗ್ಗೆ ಎದ್ದರೆ ಬಾಳೆನಾರಿನಲ್ಲಿ ಮೊಗ್ಗು ಕಟ್ಟುವುದೇ ಕೆಲಸ. ಉಡುಪಿ ಮಲ್ಲಿಗೆಯ ವ್ಯಾಪಾರದಲ್ಲಿ 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ತನ್ನ ಜಡೆಗೆ ಒಂದು ಗೇಣು ಆದಾಗ ನಿಲ್ಲಿಸಿ, ಇದಕ್ಕೆ ಇವತ್ತಿನ ರೇಟು ಎಷ್ಟು ಹಾಕಲಿ ಎಂದು ಪಕ್ಕದವಳನ್ನು ಕೇಳುತ್ತಿದ್ದಳು.

ಕರಾವಳಿಯಲ್ಲಿ ಈ ಒಡವೆಗಳಿಗೆ ಆಯುಷ್ಯ ಕಡಿಮೆ. ಬೆವರಿಗೆ, ಜೂನ್ ತಿಂಗಳ ತೇವಕ್ಕೆ ಒಳಗಿನ ತಂತಿ ತುಕ್ಕು ಹಿಡಿದು, ಬಿಳಿ ನಾರಿನ ಮೇಲೆ ಕಂದು ಕಲೆ ಏಳುತ್ತದೆ, ಸಮವಸ್ತ್ರಕ್ಕೂ ಅಂಟುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ಬಿಚ್ಚಿ, ಮಣಿಗಳನ್ನು ಡಬ್ಬಿಗೆ ಹಾಕಿಡುವುದು ಲೇಸು. ತುಕ್ಕು ಹಿಡಿಯದ ಕಡ್ಡಿಯನ್ನು ಬೆರಳ ನಡುವೆ ಎಳೆದು ನೆಟ್ಟಗೆ ಮಾಡಿದರೆ ಇನ್ನೊಂದೆರಡು ಸಲ ಒದಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದ್ದು ಮಾತ್ರ ಅಲ್ಲೇ ಮುರಿಯುತ್ತದೆ, ಮುರಿದ ಕಡೆ ಹೊಸ ಮೊನೆ. ಪಾಲಿಯೆಸ್ಟರ್ ಮತ್ತು ಉಕ್ಕು ಹೆಣೆದುಕೊಂಡ ಈ ಕಸವನ್ನು ಬೇರ್ಪಡಿಸಿ ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ತರುವಾಗಲೇ ಲೆಕ್ಕ ಹಾಕಿ ತರಬೇಕು. ಮಕ್ಕಳು ಮೊದಲು ಖಾಲಿ ಮಾಡುವುದು ಬಿಳಿ, ಹಸಿರು ಮತ್ತು ಬಂಗಾರದ ಬಣ್ಣ. ಕಂದು ಬಣ್ಣದ ಕಟ್ಟು ಯಾವಾಗಲೂ ಹಾಗೇ ಉಳಿಯುತ್ತದೆ. ಅಂಗಡಿಯವರು ಎಲ್ಲ ಬಣ್ಣ ಬೆರೆಸಿದ ಕಟ್ಟು ಅಗ್ಗ ಎಂದು ಮುಂದೆ ಮಾಡಿದರೂ, ಬಿಡಿ ಬಣ್ಣದ್ದನ್ನೇ ಕೇಳಿ ತರುವುದು ಒಳ್ಳೆಯದು.