ಟ್ರೆವಿಸ್ ಕೊಳ್ಳುವ ಮುನ್ನ

ಲಸಿಕೆಗೆ, ಕೃತಕ ಗರ್ಭಧಾರಣೆಗೆ, ಗೊರಸು ಕತ್ತರಿಸಲು ಹಸುವನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರೆವಿಸ್, ಬಹಳ ಉಪಕಾರಿ. ಆದರೆ ಪೈಪು ದಪ್ಪವಿದೆ, ಬೆಲೆ ಕಡಿಮೆಯಿದೆ ಎಂದಷ್ಟೇ ನೋಡಿ ತಂದುಬಿಡಬೇಡಿ. ಹಲವರು ಎಡವುವುದು ಅಲ್ಲೇ.

ಮೊದಲು ನಿಮ್ಮ ರಾಸುಗಳನ್ನು ಅಳೆಯಿರಿ. ದೊಡ್ಡ ಮೈಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿಗೆ ಹೊಂದುವ ಚೌಕಟ್ಟು ಪುಟ್ಟ ಮಲೆನಾಡು ಗಿಡ್ಡಕ್ಕೆ ಸಡಿಲ. ಅದು ಒಳಗೇ ತಿರುಗಿ ಸಿಕ್ಕಿಕೊಂಡೀತು. ಎರಡೂ ತಳಿ ಇದ್ದರೆ, ಅಡ್ಡಗಂಬಿಗಳನ್ನು ಸರಿಸಿ ಹೊಂದಿಸುವಂಥದ್ದನ್ನೇ ಆರಿಸಿ. ಬಾಗಿಲ ಅಗಳಿ ಒಂದೇ ಎಳೆತಕ್ಕೆ ಬಿಚ್ಚಬೇಕು. ಹಸು ಕುಸಿದಾಗ ಸ್ಪ್ಯಾನರ್ ಹುಡುಕಲು ಹೊತ್ತಿರುವುದಿಲ್ಲ. ವೆಲ್ಡಿಂಗ್ ಮಾಡಿದ ಕಡೆಯೆಲ್ಲ ಕೈಯಾಡಿಸಿ ನೋಡಿ. ನಿಮ್ಮ ಕೈಗೆ ಚುಚ್ಚಿದ್ದು ಹಸುವಿನ ಮೈಯನ್ನೂ ಸೀಳುತ್ತದೆ. ನೆಲ ನುಣುಪಾಗಿರಬಾರದು, ಸಿಮೆಂಟಿಗೆ ಗೀರು ಹಾಕಿಸಿ, ಇಲ್ಲವೇ ರಬ್ಬರ್ ಮ್ಯಾಟ್ ಹಾಸಿ.

ಇನ್ನೊಂದು ಮಾತು. ಸೂಜಿ ಚುಚ್ಚುವ ದಿನ ಮಾತ್ರ ಹಸುವನ್ನು ಅಲ್ಲಿಗೆ ಎಳೆದೊಯ್ಯಬೇಡಿ. ಆಗಾಗ ಸುಮ್ಮನೆ ಒಳಗೆ ನಡೆಸಿ, ಒಂದು ಹಿಡಿ ಹಿಂಡಿ ತಿನ್ನಿಸಿ, ಮೈ ನೇವರಿಸಿ ಬಿಟ್ಟುಬಿಡಿ. ಕಾಲುಬಾಯಿ ಜ್ವರದ ಲಸಿಕೆ 6 ತಿಂಗಳಿಗೊಮ್ಮೆ ಹಾಕಿಸಲೇಬೇಕಲ್ಲ, ಪ್ರತಿ ಸಲವೂ ಅದು ಟ್ರೆವಿಸ್ ಕಂಡು ಬೆದರಬಾರದು. ಹೆದರಿದ ಹಸು ಹಾಲನ್ನೂ ಸರಿಯಾಗಿ ಇಳಿಸದು. ಕಬ್ಬಿಣ ಎಷ್ಟೇ ಗಟ್ಟಿಯಿರಲಿ, ಹಸುವನ್ನು ನೆಮ್ಮದಿಯಾಗಿ ನಿಲ್ಲಿಸುವುದು ನಿಮ್ಮ ಮೇಲಿನ ನಂಬಿಕೆಯೇ.